ಕೊನೆಯ ಕ್ಲಿಕ್ಕಿಗೇ ಏಕೆ ಕೀರ್ತಿ? ಜಾಹೀರಾತಿನ ಶ್ರೇಯ ಹಂಚುವ ಮಾದರಿಗಳ ಒಂದು ವಿಮರ್ಶೆ

ಅಂತರಜಾಲದ ಅಂಗಡಿಯೊಂದರಲ್ಲಿ 7,000 ರೂಪಾಯಿ ಬೆಲೆಯ ದೂರದರ್ಶಕವೊಂದು ಮಾರಾಟವಾಯಿತು ಎಂದಿಟ್ಟುಕೊಳ್ಳೋಣ. ಕೊಂಡವಳು ಒಬ್ಬ ಕಾಲೇಜು ವಿದ್ಯಾರ್ಥಿನಿ. ಹದಿನಾಲ್ಕು ದಿನಗಳ ಹಿಂದೆ ಶನಿಗ್ರಹದ ಬಳೆಗಳ ಬಗೆಗಿನ ವಿಡಿಯೋ ಒಂದನ್ನು ನೋಡುತ್ತಿದ್ದಾಗ ಆ ಅಂಗಡಿಯ ಜಾಹೀರಾತು ಆಕೆಯ ಕಣ್ಣಿಗೆ ಬಿದ್ದಿತ್ತು. ಏಳು ದಿನಗಳ ಹಿಂದೆ ಪತ್ರಿಕೆಯೊಂದರ ಜಾಲತಾಣದಲ್ಲಿ ಅದೇ ಅಂಗಡಿಯ ಜಾಹೀರಾತನ್ನು ಒತ್ತಿ ನೋಡಿದ್ದಳು. ಕೊಳ್ಳುವ ದಿನ ಸರ್ಚ್ ಎಂಜಿನ್‌ನಲ್ಲಿ ಅಂಗಡಿಯ ಹೆಸರನ್ನೇ ಟೈಪ್ ಮಾಡಿ, ಎಲ್ಲಕ್ಕಿಂತ ಮೇಲೆ ಕಾಣಿಸಿಕೊಂಡ ಜಾಹೀರಾತಿನ ಕೊಂಡಿಯನ್ನು ಒತ್ತಿ ಒಳಹೊಕ್ಕು ಹಣ ಕಟ್ಟಿದಳು. ಮೂರೂ ಕಡೆ ಅಂಗಡಿಯವರು ಜಾಹೀರಾತಿಗೆ ಹಣ ತೆತ್ತಿದ್ದಾರೆ. ಹಾಗಾದರೆ ಈ 7,000 ರೂಪಾಯಿಗಳ ಮಾರಾಟದ ಶ್ರೇಯ ಯಾವ ಜಾಹೀರಾತಿಗೆ ಸಲ್ಲಬೇಕು?

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಹುಟ್ಟಿಕೊಂಡವು 'ಶ್ರೇಯ ಹಂಚಿಕೆ ಮಾದರಿ'ಗಳು. ಮಾರುಕಟ್ಟೆಯವರ ಮಾತಿನಲ್ಲಿ ಇವು 'ಆಟ್ರಿಬ್ಯೂಷನ್ ಮಾಡೆಲ್'ಗಳು. ವಿಜ್ಞಾನ ಪತ್ರಿಕೆಯಲ್ಲಿ ವ್ಯಾಪಾರದ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ಕಾರಣವಿದೆ. ಈ ಮಾದರಿಗಳು ತಮ್ಮ ಪರಿಭಾಷೆಯನ್ನು ನಮ್ಮ ಪಠ್ಯಪುಸ್ತಕಗಳಿಂದಲೇ ಎರವಲು ತಂದಿವೆ. ಅರ್ಧಾಯು, ಸಂಭವನೀಯತೆ, ಮಾರ್ಕೋವ್ ಸರಪಳಿ, ಶಾಪ್ಲಿ ಮೌಲ್ಯ ಇವೆಲ್ಲ ಅಲ್ಲಿ ಬರುತ್ತವೆ. ಅಂಕಿ ಅಂಶಗಳ ವಿಶ್ಲೇಷಣೆಯ ಕೆಲಸಕ್ಕೆ ಸೇರುವ ನಮ್ಮ ವಿಜ್ಞಾನ ಪದವೀಧರರಲ್ಲಿ ಕೆಲವರಾದರೂ ಇಂಥ ಮಾದರಿಗಳ ಮುಂದೆ ಕುಳಿತುಕೊಳ್ಳುವವರೇ. ವಿಜ್ಞಾನದ ವೇಷ ತೊಟ್ಟದ್ದೆಲ್ಲ ವಿಜ್ಞಾನವೇ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಐದು ನಿಯಮಗಳು, ಐದು ಉತ್ತರಗಳು

ಮೊದಲು ಸರಳ ಮಾದರಿಗಳನ್ನು ನೋಡೋಣ. 'ಕೊನೆಯ ಕ್ಲಿಕ್' ಮಾದರಿಯ ಪ್ರಕಾರ ಕೊಳ್ಳುವ ಮುನ್ನ ಕಟ್ಟಕಡೆಗೆ ಒತ್ತಿದ ಜಾಹೀರಾತಿಗೇ ಪೂರ್ತಿ ಶ್ರೇಯ. ನಮ್ಮ ಉದಾಹರಣೆಯಲ್ಲಿ ಸರ್ಚ್ ಜಾಹೀರಾತಿಗೆ 7,000, ಉಳಿದೆರಡಕ್ಕೆ ಸೊನ್ನೆ. 'ಮೊದಲ ಸ್ಪರ್ಶ' ಮಾದರಿ ಇದರ ತಿರುಗುಮುರುಗು. ವಿಡಿಯೋ ಜಾಹೀರಾತಿಗೆ 7,000. 'ಸಮಪಾಲು' ಮಾದರಿ ಮೂವರಿಗೂ ತಲಾ 2,333 ರೂಪಾಯಿ ಹಂಚುತ್ತದೆ. 'ಸ್ಥಾನಾಧಾರಿತ' ಮಾದರಿ ಮೊದಲನೆಯದಕ್ಕೂ ಕೊನೆಯದಕ್ಕೂ ಶೇಕಡಾ 40ರಂತೆ ಕೊಟ್ಟು ನಡುವಿನವರಿಗೆ ಶೇಕಡಾ 20 ಉಳಿಸುತ್ತದೆ. ಅಂದರೆ 2,800, 1,400, 2,800.

ಐದನೆಯದು 'ಕಾಲಕ್ಷಯ' ಮಾದರಿ. ಭೌತಶಾಸ್ತ್ರದ ಅಧ್ಯಾಪಕರು ಇದನ್ನು ಗಮನಿಸಬೇಕು. ಹಳೆಯ ಜಾಹೀರಾತಿನ ಪ್ರಭಾವ ವಿಕಿರಣಶೀಲ ಧಾತುವಿನಂತೆ ಕ್ಷಯಿಸುತ್ತದೆ ಎಂಬುದು ಇದರ ಕಲ್ಪನೆ. ಗೂಗಲ್ ಸಂಸ್ಥೆಯ ಸಾಧನಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಅರ್ಧಾಯು 7 ದಿನ. ಹಾಗಾಗಿ ಖರೀದಿಯ ದಿನದ ಜಾಹೀರಾತಿಗೆ 1, ಏಳು ದಿನ ಹಿಂದಿನದಕ್ಕೆ ಅರ್ಧ, ಹದಿನಾಲ್ಕು ದಿನ ಹಿಂದಿನದಕ್ಕೆ ಕಾಲು. ಒಟ್ಟು ಒಂದೂಮುಕ್ಕಾಲು. ಇದೇ ಅನುಪಾತದಲ್ಲಿ ಹಂಚಿದರೆ ಸರ್ಚ್‌ಗೆ 4,000, ಪತ್ರಿಕೆಗೆ 2,000, ವಿಡಿಯೋಗೆ 1,000 ರೂಪಾಯಿ ಬರುತ್ತದೆ.

ಲೆಕ್ಕವೇನೋ ಅಚ್ಚುಕಟ್ಟಾಗಿದೆ. ಆದರೆ ಆ 7 ದಿನ ಬಂದದ್ದು ಎಲ್ಲಿಂದ? ಅಯೊಡೀನ್-131ರ ಅರ್ಧಾಯು ಸುಮಾರು 8 ದಿನ ಎಂದು ನಾವು ಹೇಳುವುದು ಅದನ್ನು ಅಳೆದು ನೋಡಿದ ಮೇಲೆ. ಯಾರು ಯಾವ ಪ್ರಯೋಗಾಲಯದಲ್ಲಿ ಅಳೆದರೂ ಅದು ಬದಲಾಗುವುದಿಲ್ಲ. ಜಾಹೀರಾತಿನ ಅರ್ಧಾಯುವನ್ನಾದರೋ ಯಾರೂ ಅಳೆಯಲಿಲ್ಲ. ವಾರಕ್ಕೆ ಏಳು ದಿನವಿರುವುದರಿಂದ ಏಳು ಎಂದು ಇಟ್ಟುಕೊಂಡಂತೆ ಕಾಣುತ್ತದೆ. ಬಿಸ್ಕತ್ತಿನ ಜಾಹೀರಾತಿಗೂ ದೂರದರ್ಶಕದ ಜಾಹೀರಾತಿಗೂ ಒಂದೇ ಅರ್ಧಾಯು ಏಕಿರಬೇಕು? ಶೇಕಡಾ 40, 20, 40 ಎಂಬ ಪಾಲಿಗೂ ಇದೇ ಆಕ್ಷೇಪ ಸಲ್ಲುತ್ತದೆ. ಇವು ಅಳತೆಗಳಲ್ಲ, ಒಪ್ಪಂದಗಳು. ಒಪ್ಪಂದ ಮಾಡಿಕೊಳ್ಳುವುದು ತಪ್ಪೇನಲ್ಲ. ಅದನ್ನು ಅಳತೆಯೆಂದು ಕರೆಯುವುದು ತಪ್ಪು.

ಒಂದೇ ಘಟನೆಗೆ ಐದು ಮಾದರಿಗಳು ಐದು ಉತ್ತರ ಕೊಟ್ಟಾಗ ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇವುಗಳಲ್ಲಿ ಯಾವುದು ಸುಳ್ಳೆಂದು ತೋರಿಸಿಕೊಡುವ ಪರೀಕ್ಷೆ ಯಾವುದು? ವಿಡಿಯೋ ಜಾಹೀರಾತಿನ ಪಾಲು 1,000 ಅಲ್ಲ, 2,800 ಎಂದು ಯಾರಾದರೂ ವಾದಿಸಿದರೆ ಈ ಮಾದರಿಗಳ ಒಳಗೆ ನಿಂತು ಅದನ್ನು ಅಲ್ಲಗಳೆಯಲು ಯಾವ ದಾರಿಯೂ ಇಲ್ಲ. ಹಾಗೆ ನೋಡಿದರೆ ಇವು ಲೆಕ್ಕಪತ್ರದ ನಿಯಮಗಳು. ಮನೆ ಖರ್ಚನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವ ರೀತಿಯವು.

ಶಿಕ್ಷಕರಿಗೆ ಈ ಮಾದರಿಗಳು ಹೊಸವೇನಲ್ಲ ಎಂದರೆ ಆಶ್ಚರ್ಯಪಡಬೇಡಿ. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಊರಿನ ವೃತ್ತಗಳಲ್ಲಿ ಏಳುವ ಫ್ಲೆಕ್ಸ್ ಫಲಕಗಳನ್ನು ನೆನಪಿಸಿಕೊಳ್ಳಿ. ಕೊನೆಯ ವರ್ಷ ಪಾಠ ಹೇಳಿದ ಕೋಚಿಂಗ್ ಕೇಂದ್ರದ ಹೆಸರು ದೊಡ್ಡದಾಗಿ, ವಿದ್ಯಾರ್ಥಿಯ ಚಿತ್ರ ಅದರ ಕೆಳಗೆ. ಇದು ಶುದ್ಧ 'ಕೊನೆಯ ಕ್ಲಿಕ್' ಮಾದರಿ. ನಾಲ್ಕನೆಯ ತರಗತಿಯಲ್ಲಿ ಭಿನ್ನರಾಶಿಯನ್ನು ಮನದಟ್ಟು ಮಾಡಿಸಿದ ಸರ್ಕಾರಿ ಶಾಲೆಯ ಮೇಷ್ಟ್ರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಫಲಕದಲ್ಲಿರುವುದಿಲ್ಲ. ಆ ಕೇಂದ್ರ ಪ್ರವೇಶ ಪರೀಕ್ಷೆ ಇಟ್ಟು ಆರಿಸಿಕೊಂಡದ್ದೇ ಚೆನ್ನಾಗಿ ಓದುವ ಮಕ್ಕಳನ್ನು. ಅವರು ಅಲ್ಲಿಗೆ ಹೋಗದಿದ್ದರೂ ಎಷ್ಟು ಅಂಕ ಪಡೆಯುತ್ತಿದ್ದರು?

'ಇಲ್ಲದಿದ್ದರೆ ಏನಾಗುತ್ತಿತ್ತು' ಎಂಬ ಈ ಪ್ರಶ್ನೆಯೇ ಇಡೀ ವಿಷಯದ ತಿರುಳು.

ಗಣಿತ ಬಂತು, ಪ್ರಶ್ನೆ ಬದಲಾಗಲಿಲ್ಲ

ನಿಯಮಾಧಾರಿತ ಮಾದರಿಗಳ ಈ ದೌರ್ಬಲ್ಯ ಜಾಹೀರಾತಿನವರಿಗೂ ಗೊತ್ತಿತ್ತು. 2011ರ ಸುಮಾರಿನಿಂದ ದತ್ತಾಂಶವನ್ನೇ ಆಧರಿಸಿದ ಮಾದರಿಗಳು ಸಂಶೋಧನಾ ಲೇಖನಗಳಲ್ಲಿ ಕಾಣಿಸಿಕೊಂಡವು. ಇವುಗಳಲ್ಲಿ ಎರಡು ಮುಖ್ಯ. ಎರಡಕ್ಕೂ ಒಳ್ಳೆಯ ವಂಶವಿದೆ.

ಮೊದಲನೆಯದು ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ ಅವರ ಹೆಸರಿನ ಸರಪಳಿ. ಮಾರ್ಕೋವ್ 1913ರಲ್ಲಿ ಪುಷ್ಕಿನ್ನನ ಕಾವ್ಯವೊಂದರ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ನಂತರ ಸ್ವರ ಬರುವ ಸಂಭವ ಎಷ್ಟು, ವ್ಯಂಜನ ಬರುವ ಸಂಭವ ಎಷ್ಟು ಎಂದು ಎಣಿಸಿದ್ದರು. ಅಕ್ಷರಗಳ ಬದಲು ಇಲ್ಲಿ ಜಾಹೀರಾತುಗಳು. ಒಂದರಿಂದ ಇನ್ನೊಂದಕ್ಕೆ ಗ್ರಾಹಕ ಸಾಗುವ ಸಂಭವನೀಯತೆಯನ್ನು ದಾಖಲೆಗಳಿಂದ ಎಣಿಸಿ ಒಂದು ಜಾಲ ಹೆಣೆಯುತ್ತಾರೆ. ಆ ಮೇಲೆ ಜಾಲದಿಂದ ಒಂದೊಂದೇ ಗಂಟನ್ನು ಕಿತ್ತು, ಖರೀದಿ ಎಷ್ಟು ಕುಸಿಯಿತು ಎಂದು ನೋಡುತ್ತಾರೆ.

ಒಂದು ಪುಟ್ಟ ಲೆಕ್ಕ ಮಾಡೋಣ. 100 ಜನರಲ್ಲಿ 60 ಮಂದಿ ಮೊದಲು ವಿಡಿಯೋ ಜಾಹೀರಾತು ನೋಡುತ್ತಾರೆ, 40 ಮಂದಿ ನೇರವಾಗಿ ಸರ್ಚ್ ಜಾಹೀರಾತಿಗೆ ಬರುತ್ತಾರೆ. ವಿಡಿಯೋ ನೋಡಿದವರಲ್ಲಿ ಅರ್ಧದಷ್ಟು ಜನ ಸರ್ಚ್‌ಗೆ ಬರುತ್ತಾರೆ, ಉಳಿದವರು ಹೊರಟುಹೋಗುತ್ತಾರೆ. ಸರ್ಚ್‌ಗೆ ಬಂದವರಲ್ಲಿ ಐವರಿಗೊಬ್ಬರು ಕೊಳ್ಳುತ್ತಾರೆ. ಸರ್ಚ್‌ಗೆ ಬಂದವರು 40 ಮತ್ತು 30, ಒಟ್ಟು 70. ಖರೀದಿ 14. ಈಗ ವಿಡಿಯೋವನ್ನು ಕಿತ್ತರೆ ಉಳಿಯುವುದು 40 ಜನ, 8 ಖರೀದಿ. ನಷ್ಟ 14ರಲ್ಲಿ 6, ಅಂದರೆ 0.43. ಸರ್ಚ್ ಅನ್ನು ಕಿತ್ತರೆ ಖರೀದಿಯೇ ಇಲ್ಲ, ನಷ್ಟ 1. ಎರಡನ್ನೂ ಕೂಡಿದರೆ 1.43. ಶ್ರೇಯ ನೂರಕ್ಕೆ ನೂರೇ ಆಗಬೇಕಲ್ಲ, ಅದಕ್ಕಾಗಿ ಇದರಿಂದ ಭಾಗಿಸಿದರೆ ವಿಡಿಯೋಗೆ ಶೇಕಡಾ 30, ಸರ್ಚ್‌ಗೆ ಶೇಕಡಾ 70.

ಈ ಭಾಗಾಕಾರದಲ್ಲಿ ಒಂದು ಮರೆಮಾಚುವಿಕೆ ಇದೆ. ಹೊಲದಲ್ಲಿ ಬೀಜವನ್ನು ತೆಗೆದರೆ ಬೆಳೆ ಶೂನ್ಯ, ನೀರನ್ನು ತೆಗೆದರೂ ಶೂನ್ಯ. ಇಳುವರಿಯಲ್ಲಿ ಬೀಜದ ಪಾಲು ಶೇಕಡಾ 50, ನೀರಿನ ಪಾಲು ಶೇಕಡಾ 50 ಎಂದು ಹೇಳಿದರೆ ರೈತರು ನಕ್ಕಾರು. ಒಟ್ಟಿಗೆ ಕೆಲಸ ಮಾಡುವ ಕಾರಣಗಳ ಪರಿಣಾಮಗಳನ್ನು ಕೂಡಿದರೆ ಅದು ನೂರೇ ಆಗಬೇಕೆಂಬ ನಿಯಮ ಪ್ರಕೃತಿಯಲ್ಲಿ ಇಲ್ಲ. ಲೆಕ್ಕಪುಸ್ತಕದಲ್ಲಿ ಮಾತ್ರ ಇದೆ.

ಎರಡನೆಯದು ಲಾಯ್ಡ್ ಶಾಪ್ಲಿ 1953ರಲ್ಲಿ ಮಂಡಿಸಿದ ಸೂತ್ರ. ಹಲವರು ಸೇರಿ ಗಳಿಸಿದ ಲಾಭವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಆಟದ ಸಿದ್ಧಾಂತ ಕೊಟ್ಟ ಉತ್ತರ ಅದು. ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಅವರ ವಿಧಾನ ಹೀಗೆ: ಆಟಗಾರರು ಎಲ್ಲ ಸಂಭಾವ್ಯ ಕ್ರಮಗಳಲ್ಲಿ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ ಎಂದು ಭಾವಿಸಿ, ಪ್ರತಿಯೊಬ್ಬರೂ ತಾವು ಬಂದಾಗ ಹೆಚ್ಚಿಸಿದ ಲಾಭದ ಸರಾಸರಿ ತೆಗೆಯಬೇಕು. ವಿಡಿಯೋ ಮಾತ್ರ ಕಂಡ 100 ಜನರಲ್ಲಿ 2, ಸರ್ಚ್ ಮಾತ್ರ ಕಂಡ 100ರಲ್ಲಿ 6, ಎರಡೂ ಕಂಡ 100ರಲ್ಲಿ 10 ಖರೀದಿ ಆಗಿವೆ ಎನ್ನೋಣ. ವಿಡಿಯೋ ಮೊದಲು ಬಂದರೆ ಅದು ತಂದದ್ದು 2, ಎರಡನೆಯದಾಗಿ ಬಂದರೆ 10ರಲ್ಲಿ 6 ಕಳೆದು 4. ಸರಾಸರಿ 3. ಸರ್ಚ್‌ಗೆ ಇದೇ ರೀತಿ 6 ಮತ್ತು 8ರ ಸರಾಸರಿ 7. ಹತ್ತನ್ನು 3 ಮತ್ತು 7 ಎಂದು ಹಂಚಿದಂತಾಯಿತು.

ಶಾಪ್ಲಿಯ ಗಣಿತದಲ್ಲಿ ಕುಂದಿಲ್ಲ. ಕುಂದಿರುವುದು ಅದಕ್ಕೆ ಉಣಿಸಿದ ಸಂಖ್ಯೆಗಳಲ್ಲಿ. ಯಾವ ಆಟಗಾರನೂ ಇಲ್ಲದಿದ್ದರೆ ಲಾಭ ಸೊನ್ನೆ ಎಂಬುದು ಸೂತ್ರದ ಆಧಾರ. ಆದರೆ ಯಾವ ಜಾಹೀರಾತೂ ಇಲ್ಲದೆ ಜನ ವಸ್ತುಗಳನ್ನು ಕೊಳ್ಳುವುದಿಲ್ಲವೇ? ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಬಂದವರು ಕೊಳ್ಳಲೆಂದೇ ಹೊರಟವರು. ಮೇಲಿನ ಗುಂಪುಗಳಲ್ಲಿ ಜಾಹೀರಾತು ಇಲ್ಲದಿದ್ದರೂ ಕ್ರಮವಾಗಿ 1, 5 ಮತ್ತು 7 ಜನ ಕೊಳ್ಳುವವರೇ ಆಗಿದ್ದರು ಎಂದಿಟ್ಟುಕೊಳ್ಳಿ. ಆಗ ಜಾಹೀರಾತುಗಳು ನಿಜವಾಗಿ ಹೆಚ್ಚಿಸಿದ್ದು 1, 1 ಮತ್ತು 3 ಖರೀದಿಗಳನ್ನು ಮಾತ್ರ. ಅದೇ ಶಾಪ್ಲಿ ಸೂತ್ರ ಹಾಕಿ ನೋಡಿ: ಎರಡಕ್ಕೂ ತಲಾ ಒಂದೂವರೆ. ಏಳು ಪಾಲು ಪಡೆದಿದ್ದ ಸರ್ಚ್ ಜಾಹೀರಾತು ಮೂರು ಪಾಲಿನ ವಿಡಿಯೋಗೆ ಸಮನಾಯಿತು. ಹಂಚಬೇಕಾದ ಹತ್ತೇ ಮೂರಾಯಿತು. 1, 5, 7 ಎಂಬ ಈ ಸಂಖ್ಯೆಗಳು ಕ್ಲಿಕ್ಕುಗಳ ದಾಖಲೆಯಲ್ಲಿ ಎಲ್ಲೂ ಸಿಗುವುದಿಲ್ಲ, ಏಕೆಂದರೆ ನಡೆಯದ ಘಟನೆಯನ್ನು ಯಾವ ಕಂಪ್ಯೂಟರೂ ದಾಖಲಿಸಲಾರದು.

ಬಳಕೆಯಲ್ಲಿರುವ ಮಾದರಿಗಳ ಸ್ಥಿತಿಯನ್ನೂ ಹೇಳಿಬಿಡೋಣ. 2023ರಲ್ಲಿ ಗೂಗಲ್ ತನ್ನ ಜಾಹೀರಾತು ಮತ್ತು ವಿಶ್ಲೇಷಣಾ ಸಾಧನಗಳಿಂದ ಮೊದಲ ಕ್ಲಿಕ್, ಸಮಪಾಲು, ಕಾಲಕ್ಷಯ ಮತ್ತು ಸ್ಥಾನಾಧಾರಿತ ಮಾದರಿಗಳನ್ನು ತೆಗೆದುಹಾಕಿತು. ಕೊನೆಯ ಕ್ಲಿಕ್ ಹಾಗೂ ದತ್ತಾಂಶಾಧಾರಿತ ಮಾದರಿ ಉಳಿದುಕೊಂಡವು. ಕೊಂಡವರ ಮತ್ತು ಕೊಳ್ಳದವರ ದಾರಿಗಳನ್ನು ಹೋಲಿಸಿ ಯಂತ್ರಕಲಿಕೆಯಿಂದ ಶ್ರೇಯ ಹಂಚುತ್ತೇವೆ ಎಂದು ಸಂಸ್ಥೆ ಹೇಳುತ್ತದೆ. ಆದರೆ ನಿರ್ದಿಷ್ಟ ಅಂಗಡಿಯೊಂದರ ಲೆಕ್ಕದಲ್ಲಿ ಯಾವ ಜಾಹೀರಾತಿಗೆ ಏಕೆ ಅಷ್ಟು ಪಾಲು ಬಂತು ಎಂದು ಹೊರಗಿನವರು ಮರುಲೆಕ್ಕ ಹಾಕಿ ನೋಡುವಂತಿಲ್ಲ. ಹಳೆಯ ನಿಯಮಗಳು ಕುರುಡಾಗಿದ್ದರೂ ಅವನ್ನು ಹತ್ತನೆಯ ತರಗತಿಯ ಹುಡುಗ ಕಾಗದದ ಮೇಲೆ ಪರಿಶೀಲಿಸಬಹುದಿತ್ತು. ಈಗ ಸರಕು ಮಾರುವವರ ಕೈಯಲ್ಲೇ ತಕ್ಕಡಿ, ತಕ್ಕಡಿಯ ಮೇಲೆ ಮುಸುಕು. ಅವರು ಮೋಸ ಮಾಡುತ್ತಿದ್ದಾರೆಂದು ನಾನು ಹೇಳುತ್ತಿಲ್ಲ. ಮರುಪರಿಶೀಲನೆಗೆ ಒಡ್ಡಿಕೊಳ್ಳದ ಅಳತೆಯನ್ನು ನಮ್ಮ ಪ್ರಯೋಗಾಲಯಗಳಲ್ಲಿ ನಾವು ಒಪ್ಪುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇಬೇ ಸಂಸ್ಥೆ ಜಾಹೀರಾತು ನಿಲ್ಲಿಸಿ ನೋಡಿದಾಗ

ಮಾರ್ಕೋವ್ ಜಾಲದಲ್ಲಿ ಗಂಟು ಕಿತ್ತು ನೋಡುವ ಬದಲು ನಿಜವಾದ ಜಗತ್ತಿನಲ್ಲೇ ಕಿತ್ತು ನೋಡಿದರೆ? ಅಮೆರಿಕದ ಇಬೇ ಎಂಬ ಅಂತರಜಾಲ ಮಾರುಕಟ್ಟೆ 2012ರಲ್ಲಿ ಈ ಕೆಲಸ ಮಾಡಿತು. ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಾಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ರೂಪಿಸಿದರು. ಅವರ ಪ್ರಬಂಧ 2015ರಲ್ಲಿ 'ಇಕನಾಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ಜಾಹೀರಾತಿನ ಬಗ್ಗೆ ಬಂದ ಬರಹಗಳಲ್ಲಿ ವಿಜ್ಞಾನದ ವಿದ್ಯಾರ್ಥಿ ಓದಲೇಬೇಕಾದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮೊದಲ ಹೆಜ್ಜೆ ಸರಳವಾಗಿತ್ತು. 'ಇಬೇ' ಎಂದೇ ಟೈಪ್ ಮಾಡಿದವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ಗಳಲ್ಲಿ ನಿಲ್ಲಿಸಿ, ಗೂಗಲ್‌ನಲ್ಲಿ ಹೋಲಿಕೆಗಾಗಿ ಮುಂದುವರಿಸಿದರು. ಹಣ ಕೊಟ್ಟ ಕೊಂಡಿ ಮಾಯವಾಯಿತು. ಅದರ ಕೆಳಗಿದ್ದ ಪುಕ್ಕಟೆ ಕೊಂಡಿ ಹಾಗೇ ಇತ್ತು. ಫಲಿತಾಂಶ? ಕಳೆದುಹೋದ ಕ್ಲಿಕ್ಕುಗಳಲ್ಲಿ ಶೇಕಡಾ 99.5ರಷ್ಟು ಪುಕ್ಕಟೆ ಕೊಂಡಿಯ ಮೂಲಕ ಕೂಡಲೇ ಮರಳಿ ಬಂದವು. ಮಾರ್ಕೋವ್ ಮಾದರಿಯ ಭಾಷೆಯಲ್ಲಿ 'ಸರ್ಚ್ ಜಾಹೀರಾತನ್ನು ಕಿತ್ತರೆ ನಷ್ಟ 1' ಎಂದು ಬಂದಿತ್ತಲ್ಲ, ಜಗತ್ತಿನಲ್ಲಿ ಕಿತ್ತಾಗ ಆ ನಷ್ಟ ಹೆಚ್ಚುಕಡಿಮೆ ಇರಲೇ ಇಲ್ಲ. ಹೊಳೆಗೆ ಒಂದು ಕಡೆ ಕಲ್ಲು ಅಡ್ಡವಿಟ್ಟರೆ ನೀರು ಪಕ್ಕದಲ್ಲಿ ಹರಿಯುತ್ತದೆ. ಜಾಲದ ಚಿತ್ರದಲ್ಲಿ ಆ ಪಕ್ಕದ ದಾರಿಯನ್ನು ಬರೆದೇ ಇರಲಿಲ್ಲ.

ಎರಡನೆಯ ಹೆಜ್ಜೆ ಇನ್ನೂ ಗಟ್ಟಿಯಾದುದು. ಅಂಗಡಿಯ ಹೆಸರಿಲ್ಲದ, 'ಹಳೆಯ ಗಿಟಾರ್' ಎಂಬಂಥ ಹುಡುಕಾಟಗಳಿಗೆ ತೋರಿಸುವ ಜಾಹೀರಾತಿನ ಕಥೆ ಏನು? ಅಮೆರಿಕದ ಮಾರುಕಟ್ಟೆ ಪ್ರದೇಶಗಳಲ್ಲಿ ಸುಮಾರು ಶೇಕಡಾ 30ರಷ್ಟನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿ 60 ದಿನ ಈ ಜಾಹೀರಾತುಗಳನ್ನು ನಿಲ್ಲಿಸಿದರು. ಉಳಿದ ಪ್ರದೇಶಗಳಲ್ಲಿ ಅವು ಎಂದಿನಂತೆ ನಡೆದವು. ಪ್ರಯೋಗವಿಲ್ಲದೆ, ಖರ್ಚು ಮತ್ತು ಮಾರಾಟದ ಸಹಸಂಬಂಧವನ್ನಷ್ಟೇ ನೋಡಿ ಲೆಕ್ಕ ಹಾಕಿದಾಗ ಹೂಡಿಕೆಯ ಪ್ರತಿಫಲ ಶೇಕಡಾ 4,100ಕ್ಕೂ ಹೆಚ್ಚು ಎಂದು ಬಂದಿತ್ತು. ಪ್ರಯೋಗ ತೋರಿಸಿದ ಪ್ರತಿಫಲ ಋಣ 63. ಅಂದರೆ ನೂರು ಡಾಲರ್ ಹಾಕಿದರೆ 63 ಡಾಲರ್ ನಷ್ಟ. ಈ ಅಂದಾಜಿನ ಶೇಕಡಾ 95ರ ವಿಶ್ವಾಸಾಂತರ ಋಣ 124ರಿಂದ ಋಣ 3ರವರೆಗೆ ಹಬ್ಬಿದೆ ಎಂಬುದನ್ನೂ ಲೇಖಕರು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ಅಂತರ ಅಗಲವಾಗಿದೆ, ನಿಜ. ಆದರೂ ಅದು 4,100ರ ಹತ್ತಿರಕ್ಕೂ ಸುಳಿಯುವುದಿಲ್ಲ.

ಜಾಹೀರಾತೇ ವ್ಯರ್ಥ ಎಂಬ ತೀರ್ಮಾನಕ್ಕೆ ಹಾರಬಾರದು. ಇಬೇ ಬಗ್ಗೆ ಹೆಚ್ಚು ತಿಳಿಯದ, ಅಪರೂಪಕ್ಕೆ ಕೊಳ್ಳುವ ಜನರ ಮೇಲೆ ಜಾಹೀರಾತು ಪರಿಣಾಮ ಬೀರಿತ್ತು. ಹಣದ ಬಹುಪಾಲು ಖರ್ಚಾಗಿದ್ದುದು ಮಾತ್ರ ಹೇಗಿದ್ದರೂ ಬರುವ ಹಳೆಯ ಗಿರಾಕಿಗಳ ಕ್ಲಿಕ್ಕುಗಳ ಮೇಲೆ. ಹೆಸರಾಂತ ಸಂಸ್ಥೆಯೊಂದರ ಈ ಫಲಿತಾಂಶವನ್ನು ನಿನ್ನೆ ತೆರೆದ ಅಂಗಡಿಗೆ ಅನ್ವಯಿಸಲೂ ಬರುವುದಿಲ್ಲ.

ಇದೊಂದೇ ಉದಾಹರಣೆಯಲ್ಲ. ಫೇಸ್‌ಬುಕ್‌ನಲ್ಲಿ ನಡೆದ 15 ಜಾಹೀರಾತು ಪ್ರಯೋಗಗಳನ್ನು ಬ್ರೆಟ್ ಗಾರ್ಡನ್ ಮತ್ತು ಸಂಗಡಿಗರು 2019ರಲ್ಲಿ ಪರಿಶೀಲಿಸಿದರು. ಪ್ರಯೋಗದ ಉತ್ತರವನ್ನು ಮರೆಮಾಡಿ, ಬಳಕೆದಾರರ ವಯಸ್ಸು, ವರ್ತನೆ ಮೊದಲಾದ ಅಪಾರ ಮಾಹಿತಿಯಿಂದ ಅದನ್ನು ಊಹಿಸಬಹುದೇ ಎಂದು ನೋಡಿದರು. ಅರ್ಧದಷ್ಟು ಪ್ರಕರಣಗಳಲ್ಲಿ ಖರೀದಿಯ ಹೆಚ್ಚಳದ ಅಂದಾಜು ಮೂರು ಪಟ್ಟು ತಪ್ಪಿತು. ಬಳಕೆದಾರರ ಬಗ್ಗೆ ಫೇಸ್‌ಬುಕ್‌ಗೆ ಗೊತ್ತಿರುವಷ್ಟು ಸಾಮಾನ್ಯ ಅಂಗಡಿಗಳಿಗೆ ಗೊತ್ತಿರುವುದಿಲ್ಲ. ದತ್ತಾಂಶದ ರಾಶಿ ದೊಡ್ಡದಾದರೆ ಸತ್ಯ ತಾನಾಗಿ ಹೊರಬರುತ್ತದೆ ಎಂದು ನಂಬಿರುವವರು ಈ ಫಲಿತಾಂಶವನ್ನು ಗಮನಿಸಬೇಕು.

ಪ್ರಯೋಗಕ್ಕೂ ಬೆಲೆಯಿದೆ

ಯಾದೃಚ್ಛಿಕ ಹಂಚಿಕೆಯ ತಂತ್ರ ಜಾಹೀರಾತಿನವರ ಶೋಧವಲ್ಲ, ಹೊಲದಲ್ಲಿ ಹುಟ್ಟಿದ್ದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ 1933ರವರೆಗೆ ಇದ್ದ ರೊನಾಲ್ಡ್ ಫಿಷರ್, ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ವಾದಿಸಿದರು. ಒಳ್ಳೆಯ ಮಣ್ಣಿನ ತಾಕಿಗೇ ಹೊಸ ಗೊಬ್ಬರ ಹಾಕಿಬಿಟ್ಟರೆ ಇಳುವರಿ ಮಣ್ಣಿನದೋ ಗೊಬ್ಬರದ್ದೋ ತಿಳಿಯುವುದು ಹೇಗೆ? ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಇದೇ ಫಿಷರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು, 2023ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರನ್ನು ಇಲ್ಲಿ ನೆನೆಯಬಹುದು. ಸಂಖ್ಯಾಶಾಸ್ತ್ರ ಕಲಿಸುವ ಅಧ್ಯಾಪಕರು ಈ ಗುರುಶಿಷ್ಯ ಸಂಬಂಧವನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ.

ಹಾಗಾದರೆ ಎಲ್ಲರೂ ಪ್ರಯೋಗ ಮಾಡಿಬಿಡಲಿ ಎನ್ನುವುದು ಸುಲಭ. ಮಾಡುವುದು ಕಷ್ಟ. ಜನರ ಖರೀದಿಯಲ್ಲಿ ಏರುಪೇರು ವಿಪರೀತ. ಬಹುಪಾಲು ಜನ ಏನೂ ಕೊಳ್ಳುವುದಿಲ್ಲ, ಕೆಲವರು ಸಾವಿರಗಟ್ಟಲೆ ಕೊಳ್ಳುತ್ತಾರೆ. ಸರಾಸರಿ ತಲಾ 70 ರೂಪಾಯಿ, ಮಾನಕ ವಿಚಲನೆ ಅದರ ಹತ್ತು ಪಟ್ಟು, ಅಂದರೆ 700 ರೂಪಾಯಿ ಎಂದು ಊಹಿಸೋಣ. ತಲೆಗೆ 1 ರೂಪಾಯಿ ಜಾಹೀರಾತಿಗೆ ಖರ್ಚು. ಮಾರಾಟದಲ್ಲಿ ಅರ್ಧ ಲಾಭ. ಹಾಕಿದ ಹಣ ಮರಳಬೇಕಾದರೆ ಜಾಹೀರಾತು ಸರಾಸರಿಯನ್ನು 70ರಿಂದ 72ಕ್ಕೆ ಏರಿಸಬೇಕು. ಈ 2 ರೂಪಾಯಿ ವ್ಯತ್ಯಾಸವನ್ನು ನಂಬಿಕೆಯಿಂದ ಕಾಣಬೇಕಾದರೆ ಮಾನಕ ದೋಷ 70 ಪೈಸೆಯಷ್ಟಾದರೂ ಕಡಿಮೆ ಇರಬೇಕು. ಎರಡು ಸಮಾನ ಗುಂಪುಗಳ ಸರಾಸರಿಗಳ ವ್ಯತ್ಯಾಸದ ಮಾನಕ ದೋಷವೆಂದರೆ, 2ನ್ನು ಗುಂಪಿನ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 700ರಿಂದ ಗುಣಿಸಿದ್ದು. ಲೆಕ್ಕ ಬಿಡಿಸಿದರೆ ಪ್ರತಿ ಗುಂಪಿನಲ್ಲೂ 20 ಲಕ್ಷ ಜನ ಬೇಕು! ನಮ್ಮ ದೂರದರ್ಶಕದ ಅಂಗಡಿಗೆ ಇಷ್ಟು ಜನ ಎಲ್ಲಿಂದ ಬರಬೇಕು? ರ‍್ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ 25 ದೊಡ್ಡ ಪ್ರಯೋಗಗಳನ್ನು ಪರಿಶೀಲಿಸಿ 2015ರಲ್ಲಿ ಹೇಳಿದ್ದೂ ಇದನ್ನೇ: ಉಪಯುಕ್ತ ಉತ್ತರ ಬೇಕೆಂದರೆ ಒಂದು ಕೋಟಿಗೂ ಹೆಚ್ಚು 'ವ್ಯಕ್ತಿ-ವಾರ'ಗಳ ವೀಕ್ಷಣೆ ಬೇಕಾಗಬಹುದು.

ಈ ಕಷ್ಟವೇ ಶ್ರೇಯ ಹಂಚಿಕೆ ಮಾದರಿಗಳನ್ನು ಬದುಕಿಸಿಟ್ಟಿದೆ ಎಂದು ನನಗನ್ನಿಸುತ್ತದೆ. ಪ್ರಯೋಗ 'ಸರಿಯಾಗಿ ಗೊತ್ತಿಲ್ಲ' ಎನ್ನುತ್ತದೆ. ಮಾದರಿ ದಿನಾ ಬೆಳಿಗ್ಗೆ ಎರಡು ದಶಮಾಂಶ ಸ್ಥಾನದವರೆಗೆ ಉತ್ತರ ಕೊಡುತ್ತದೆ. ಮೇಲಧಿಕಾರಿಯ ಮುಂದೆ ಯಾವುದನ್ನು ಒಯ್ದು ಇಡುವುದು ಸುಲಭ?

ಜಾಹೀರಾತಿಗೆ ಹಾಕಿದ ಹಣದಲ್ಲಿ ಅರ್ಧ ವ್ಯರ್ಥ, ಯಾವ ಅರ್ಧವೆಂಬುದೇ ತಿಳಿಯದು ಎಂಬ ಹಳೆಯ ಮಾತೊಂದಿದೆ. ಫಿಲಡೆಲ್ಫಿಯದ ವರ್ತಕ ಜಾನ್ ವಾನಮೇಕರ್ ಹೀಗೆ ಹೇಳಿದರೆಂದು ಕೆಲವರು, ಇಂಗ್ಲೆಂಡಿನ ಸಾಬೂನು ಉದ್ಯಮಿ ಲಾರ್ಡ್ ಲೀವರ್‌ಹ್ಯೂಮ್ ಹೇಳಿದರೆಂದು ಇನ್ನು ಕೆಲವರು. ಶ್ರೇಯ ಹಂಚಿಕೆಯ ಕುರಿತ ಮಾತಿಗೇ ಶ್ರೇಯ ಯಾರದೆಂದು ಇತ್ಯರ್ಥವಾಗಿಲ್ಲ!

ಮಾದರಿಗಳಿಂದ ಪ್ರಯೋಜನವೇ ಇಲ್ಲವೆಂದಲ್ಲ. ಗ್ರಾಹಕರು ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಕೊಂಡಿ ಮುರಿದಿದೆ ಎಂಬ ವರ್ಣನೆಗೆ ಅವು ಒದಗುತ್ತವೆ. ಆ ವರ್ಣನೆಯೂ ಈಗ ತೂತುಬಿದ್ದಿದೆ. ಒಬ್ಬನೇ ವ್ಯಕ್ತಿಯನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸಲು ಬಳಸುವ ಮೂರನೆಯವರ 'ಕುಕೀ'ಗಳನ್ನು ಆಪಲ್ ಸಂಸ್ಥೆಯ ಸಫಾರಿ ಬ್ರೌಸರ್ 2020ರಿಂದ ಪೂರ್ತಿ ತಡೆಯುತ್ತಿದೆ. 2021ರಿಂದ ಐಫೋನಿನ ಅನ್ವಯಗಳು ಬಳಕೆದಾರರನ್ನು ಹಿಂಬಾಲಿಸುವ ಮುನ್ನ ಅನುಮತಿ ಕೇಳಬೇಕಾಗಿದೆ. ಯಾರ ಖಾಸಗಿ ಬದುಕಿನ ದೃಷ್ಟಿಯಿಂದ ನೋಡಿದರೂ ಇದು ಒಳ್ಳೆಯದೇ. ಇದರಿಂದಾಗಿ ಒಟ್ಟು ಖರ್ಚು ಮತ್ತು ಒಟ್ಟು ಮಾರಾಟದ ಕಾಲಶ್ರೇಣಿಗಳನ್ನು ಹೋಲಿಸುವ ಹಳೆಯ ಸಂಖ್ಯಾಶಾಸ್ತ್ರೀಯ ವಿಧಾನಕ್ಕೆ ಮತ್ತೆ ಬೆಲೆ ಬಂದಿದೆ. ಅದಕ್ಕೂ ತನ್ನದೇ ಆದ ಬಲೆಯಿದೆ: ದೀಪಾವಳಿಗೆ ಜಾಹೀರಾತೂ ಹೆಚ್ಚು, ಮಾರಾಟವೂ ಹೆಚ್ಚು. ಯಾವುದು ಯಾವುದಕ್ಕೆ ಕಾರಣ? ಆಗಾಗ ನಡೆಸಿದ ಪ್ರಯೋಗಗಳಿಂದ ತಿದ್ದಿಕೊಂಡಾಗ ಮಾತ್ರ ಈ ವಿಧಾನ ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಪಣಕ್ಕಿರುವುದು ಬರೀ ಅಂಗಡಿಯವರ ಹಣವಲ್ಲ. ದೂರದರ್ಶಕದ ಕಥೆಯಲ್ಲಿ ಶನಿಗ್ರಹದ ವಿಡಿಯೋ ಮಾಡಿದವರನ್ನೂ ಪತ್ರಿಕೆಯವರನ್ನೂ ನೆನೆಯಿರಿ. ಕುತೂಹಲ ಕೆರಳಿಸಿದವರು ಅವರು. ಕೊನೆಯ ಕ್ಲಿಕ್ಕಿನ ಲೆಕ್ಕದಲ್ಲಿ ಅವರದು ಸೊನ್ನೆ. ಮುಂದಿನ ತಿಂಗಳ ಜಾಹೀರಾತು ಹಣ ಈ ಲೆಕ್ಕವನ್ನೇ ನೋಡಿ ಹಂಚಿಕೆಯಾದರೆ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವರಿಗೆ ಪೂರ್ತಿ ಸಂಬಳ, ನಾಟಕ ಆಡಿದವರಿಗೆ ಏನೂ ಇಲ್ಲ ಎಂಬಂತಾಗುತ್ತದೆ.

ತರಗತಿಯಲ್ಲಿ ನೂರು ಚೀಟಿ

ಇದನ್ನೆಲ್ಲ ಕಂಪ್ಯೂಟರ್ ಇಲ್ಲದೆ ತರಗತಿಯಲ್ಲಿ ತೋರಿಸಬಹುದು. 100 ಚೀಟಿಗಳಲ್ಲಿ 20ರ ಮೇಲೆ 'ಕೊಳ್ಳುತ್ತೇನೆ' ಎಂದು ಬರೆಯಿರಿ, 80ನ್ನು ಖಾಲಿ ಬಿಡಿ. ಜಾಹೀರಾತು ಏನೂ ಮಾಡದು ಎಂಬುದು ಆಟದ ನಿಯಮ. ಚೀಟಿಯ ಮೇಲಿನ ಬರಹ ಬದಲಾಗುವಂತಿಲ್ಲ. ಮೊದಲು 'ಬುದ್ಧಿವಂತ' ಪದ್ಧತಿ. ಕೊಳ್ಳುವ ಲಕ್ಷಣ ಕಂಡವರಿಗೇ ಜಾಹೀರಾತು ತೋರಿಸುವಂತೆ, ಬರೆದ ಚೀಟಿಗಳಲ್ಲಿ 18ಕ್ಕೂ ಖಾಲಿ ಚೀಟಿಗಳಲ್ಲಿ 12ಕ್ಕೂ ಕೆಂಪು ಗುರುತು ಹಾಕಿ. ಜಾಹೀರಾತು ಕಂಡ 30ರಲ್ಲಿ 18 ಖರೀದಿ, ಶೇಕಡಾ 60. ಕಾಣದ 70ರಲ್ಲಿ 2, ಶೇಕಡಾ 3ಕ್ಕೂ ಕಡಿಮೆ. ಇಪ್ಪತ್ತು ಪಟ್ಟು ವ್ಯತ್ಯಾಸ! ಪ್ರತಿಯೊಂದು ಶ್ರೇಯ ಹಂಚಿಕೆ ಮಾದರಿಯೂ ಆ 18 ಖರೀದಿಗಳನ್ನು ಜಾಹೀರಾತಿನ ಖಾತೆಗೆ ಬರೆಯುತ್ತದೆ.

ಆಮೇಲೆ ಚೀಟಿಗಳನ್ನು ಚೆನ್ನಾಗಿ ಕಲಸಿ, ಕಣ್ಣುಮುಚ್ಚಿ 50 ಎತ್ತಿಸಿ. ಅವು ಜಾಹೀರಾತು ಕಂಡವು, ಉಳಿದ 50 ಕಾಣದವು. ಎರಡೂ ಕಡೆ ಸುಮಾರು ಹತ್ತು ಹತ್ತು ಬರುತ್ತವೆ. ಸುಮಾರು ಮಾತ್ರ. ಒಮ್ಮೆ 12 ಮತ್ತು 8 ಬಂದಾಗ ಮಕ್ಕಳು ಜಾಹೀರಾತಿನಿಂದ ಮಾರಾಟ ಒಂದೂವರೆ ಪಟ್ಟಾಯಿತು ಎಂದು ಕೂಗುತ್ತಾರೆ. ಆಗ ಇನ್ನೊಂದು ಸಲ ಕಲಸಿ ಎತ್ತಲು ಹೇಳಿ, ಮತ್ತೊಂದು ಸಲ, ಹೀಗೆ ಹಲವು ಸಲ. 12ಕ್ಕೆ 8 ಅಥವಾ ಅದಕ್ಕಿಂತ ಹೆಚ್ಚಿನ ಅಸಮತೋಲ, ಈ ಕಡೆಗೋ ಆ ಕಡೆಗೋ, ನೂರರಲ್ಲಿ ಸುಮಾರು 45 ಸಲ ಬರುತ್ತದೆ. ಚೀಟಿಗಳ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೆ ಈ ಏರುಪೇರು ಪ್ರಮಾಣದಲ್ಲಿ ಎಷ್ಟು ತಗ್ಗುತ್ತದೆ ಎಂಬ ಲೆಕ್ಕವನ್ನು ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಮನೆಗೆಲಸವಾಗಿ ಕೊಡಬಹುದು.